‘ನಮ್ಮ ಟೇಬಲ್ಲಿಗೆ ಬರೋದಿಲ್ರಿ’

ಯಾವ ಟೇಬಲ್ಲಿಗೆ ಬರುತ್ತದೋ ಆ ಟೇಬಲ್ಲಿನ ಸಾಹೇಬರಿಗೆ,

ತಮ್ಮ ಹೆಸರು, ಹುದ್ದೆ, ಇಲಾಖೆ ಯಾವುದೂ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಸುಮ್ಮನೆ ಟಪಾಲಿಗೆ ಹಾಕುತ್ತಿದ್ದೆ, ಹೀಗೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿರಲಿಲ್ಲ. ನಿನ್ನೆ ಆಲಮೇಲದಿಂದ ಸಿಂದಗಿ ಮೇಲೆ ವಿಜಯಪುರಕ್ಕೆ ಬಂದು, ಚೀಲದಾಗ ಕೋಳಿ ಗೊಬ್ಬರ ಕಟ್ಟಿಕೊಂಡು ಕಚೇರಿ ಕಚೇರಿ ತಿರುಗಿದೆ. ಲಿಂಬೆ ಗಿಡಕ್ಕೆ ಹಾಕುವ ಈ ಗೊಬ್ಬರದಲ್ಲಿ ಆಂಟಿಬಯೋಟಿಕ್ ಎಷ್ಟಿದೆ, ಎಲ್ಲಿ ನೋಡಿಸಬೇಕು ಅಂತ ಕೇಳಿದೆ, ಅಷ್ಟೇ. ಕೋಳಿ ನೋಡುವವರು ‘ಗೊಬ್ಬರ ನಮ್ಮ ಟೇಬಲ್ಲಿಗೆ ಬರೋದಿಲ್ರಿ’ ಅಂದರು. ಗೊಬ್ಬರ ನೋಡುವವರು ‘ಔಷಧ ನಮ್ಮ ಟೇಬಲ್ಲಿಗೆ ಬರೋದಿಲ್ರಿ’ ಅಂದರು. ಔಷಧ ನೋಡುವವರು ಊಟಕ್ಕೆ ಹೋಗಿದ್ದರು. ಅವರ ಟೇಬಲ್ ಮಾತ್ರ ಇತ್ತು, ಸಂಜೆ ತನಕ ಅದರ ಮಾರಿ ನೋಡುತ್ತ ಕೂತೆ.

ಸರಕಾರಕ್ಕೆ ಕಾಳಜಿ ಇಲ್ಲ ಅಂತ ನಾನು ಹೇಳುವುದಿಲ್ಲ. ಬೇರೆ ಯಾವುದಕ್ಕೂ ಬಗ್ಗದ ಸೋಂಕಿಗೆ ಡಾಕ್ಟರು ಕಡೆಗೆ ಕೈಗೆತ್ತಿಕೊಳ್ಳುವ ಕೋಲಿಸ್ಟಿನ್ನನ್ನು ಕೋಳಿ-ದನಗಳಿಗೆ ಕೊಡಬಾರದೆಂದು 2019ರ ಜುಲೈನಲ್ಲೇ ನಿಷೇಧಿಸಿದಿರಿ. ಕೋಳಿ ಮಾಂಸದಲ್ಲಿ ಯಾವ ಔಷಧ ಎಷ್ಟು ಉಳಿಯಬಹುದು ಅಂತ ಆಹಾರ ಸುರಕ್ಷತೆಯವರು ಲೆಕ್ಕ ಬರೆದಿಟ್ಟಿದ್ದಾರೆ. 2014ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲೇ ಸುತ್ತಮುತ್ತ 70 ಕೋಳಿ ಮಾದರಿ ತೆಗೆದು ನೋಡಿ, ನೂರಕ್ಕೆ 40ರಲ್ಲಿ ಔಷಧ ಸಿಕ್ಕಿತು ಅಂದಿತ್ತು. ಕೋಳಿ ತಿನ್ನುವವರು ತಟ್ಟೆ ನೋಡಿಕೊಂಡರು. ತಟ್ಟೆ ಸ್ವಚ್ಛ ಇರಲಿ ಅಂತ ಒಂದು ನಿಯಮವಿದೆ: ಕೊಯ್ಯುವ ಕೆಲ ದಿನ ಮೊದಲೇ ಔಷಧ ನಿಲ್ಲಿಸಬೇಕು, ಆಗ ಕೋಳಿಯ ಮೈಯಲ್ಲಿದ್ದದ್ದು ಹೊರಗೆ ಹೋಗುತ್ತದೆ.

ಹೊರಗೆ ಅಂದರೆ ಎಲ್ಲಿಗೆ, ಸಾಹೇಬರೇ? ನನ್ನ ಹೊಲಕ್ಕೆ!

ಕೋಳಿ ಸಾಕುವವನಿಗೆ ಕಂಪನಿ ಮರಿ ಕೊಡುತ್ತದೆ, ಫೀಡ್ ಕೊಡುತ್ತದೆ, ನೀರಿಗೆ ಕಲಸುವ ಔಷಧವನ್ನೂ ಕೊಡುತ್ತದೆ. ಆರು ವಾರಕ್ಕೆ ಕೋಳಿ ಎತ್ತಿಕೊಂಡು ಹೋಗುತ್ತದೆ. ಶೆಡ್ಡಿನಲ್ಲಿ ಉಳಿದ ಹೊಟ್ಟು-ಹಿಕ್ಕೆ ಸಾಕಿದವನ ಪಾಲು, ಅವನು ಅದನ್ನು ನಮ್ಮಂಥವರಿಗೆ ಮಾರುತ್ತಾನೆ. ಅವನನ್ನು ಬೈಯಲಾರೆ, ಔಷಧದ ಪಾಕೀಟಿನ ಮೇಲಿನ ಇಂಗ್ಲಿಷ್ ಅವನಿಗೂ ತಿಳಿಯುವುದಿಲ್ಲ. ಟೆಟ್ರಾಸೈಕ್ಲಿನ್ ಜಾತಿಯ ಔಷಧದ ಬಹುಪಾಲು ಹೊಕ್ಕ ಹಾಗೇ ಹಿಕ್ಕೆಯಲ್ಲಿ ಬೀಳುತ್ತದೆ. ಎನ್ರೋಫ್ಲಾಕ್ಸಾಸಿನ್ ಕೋಳಿಯ ಮೈಯೊಳಗೆ ಅಷ್ಟಿಷ್ಟು ಸಿಪ್ರೋಫ್ಲಾಕ್ಸಾಸಿನ್ ಆಗುತ್ತದೆ. ಡಾಕ್ಟರು ನಮಗೆ ಬರೆದುಕೊಡುವ ಅದೇ ಸಿಪ್ರೋ. ಟೆಟ್ರಾಸೈಕ್ಲಿನ್, ಸಿಪ್ರೋ ಎರಡಕ್ಕೂ ಜೇಡಿಮಣ್ಣು ಅಂದರೆ ಪ್ರಾಣ, ಅಂಟಿಕೊಂಡರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ನಮ್ಮ ಎರೆ ಭೂಮಿಯಲ್ಲಿ ಜೇಡಿಗೇನು ಬರವೇ? ಹಬ್ಬಕ್ಕೆ ಬಂದ ಬೀಗರನ್ನು ಹಿಡಿದಂಗ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಸೂಕ್ಷ್ಮಾಣುಗಳು ದಿನಾ ಇಷ್ಟಿಷ್ಟೇ ರುಚಿ ನೋಡಿ ಪಳಗುತ್ತವೆ, ಪಳಗಿದ್ದು ಪಕ್ಕದವಕ್ಕೂ ಕಲಿಸುತ್ತವೆ. ನಾಳೆ ಅವು ಮನುಷ್ಯರ ಮೈ ಹೊಕ್ಕರೆ ಸಿಪ್ರೋಗೆ ಅಂಜುವುದಿಲ್ಲ. ಆಗ ರೋಗಿ ಯಾರ ಟೇಬಲ್ಲಿಗೆ ಬರುತ್ತಾನೆ?

1985ರ ರಸಗೊಬ್ಬರ ನಿಯಂತ್ರಣ ಆದೇಶ ಸಾವಯವ ಗೊಬ್ಬರದಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಎಷ್ಟಿರಬಹುದು ಅಂತ ಹೇಳುತ್ತದೆ, ಆಂಟಿಬಯೋಟಿಕ್ ಬಗ್ಗೆ ಚಕಾರವಿಲ್ಲ. ಔಷಧ ಕಾರ್ಖಾನೆಗಳ ಕೊಳಚೆ ನೀರಿಗಾದರೂ ಮಿತಿ ಹಾಕೋಣ ಅಂತ ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ 121 ಆಂಟಿಬಯೋಟಿಕ್‌ಗಳ ಕರಡು ಪಟ್ಟಿ ತಂದಿತ್ತು. 2021ರಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳೇ ಮಾಯ. ಇಷ್ಟು ಸ್ವಚ್ಛವಾಗಿ ಔಷಧ ಹೊರಹಾಕುವುದು ಯಾವ ಕೋಳಿಯಿಂದಲೂ ಆಗುವುದಿಲ್ಲ.

ನಗಲಿಕ್ಕೆ ಬರೆದದ್ದಲ್ಲ ಇದು. ನಮ್ಮ ಜಿಲ್ಲೆಯ ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಸಿಕ್ಕಾಗ ಹಾರ ಹಾಕಿಸಿಕೊಳ್ಳಲು ಎಲ್ಲ ಟೇಬಲ್ಲಿನವರೂ ಮುಂದೆ. ಅದೇ ಲಿಂಬೆಯ ಬುಡದಲ್ಲಿ ಏನಿದೆ ಅಂದರೆ ಒಬ್ಬರೂ ಇಲ್ಲ! ತಿನ್ನುವವನ ತಟ್ಟೆ ಕಾಯಲು ಬೆಳೆಯುವವನ ಮಣ್ಣನ್ನು ಮೋರಿ ಮಾಡಿದಿರಿ. ಗೊಬ್ಬರಕ್ಕೂ ಮಿತಿ ಹಾಕಿರಿ. ಕೋಳಿ ಔಷಧದ ಪಾಕೀಟಿನ ಮೇಲೆ ಅದರ ಹೆಸರು ಕನ್ನಡದಲ್ಲಿ ಬರೆಸಿರಿ. ವಿಜಯಪುರದಲ್ಲೊಂದು ಕಡೆ ಪರೀಕ್ಷೆ ಮಾಡಿಕೊಡಿರಿ. ಟೇಬಲ್ ಇಲ್ಲದಿದ್ದರೆ ಹೇಳಿರಿ, ಆಲಮೇಲದಲ್ಲಿ ಬಡಿಗರಿದ್ದಾರೆ.

ರೈತ ಬಂಧುಗಳಿಗೆ ಒಂದು ಮಾತು: ಹಸಿ ಕೋಳಿ ಗೊಬ್ಬರ ಹೊಲಕ್ಕೆ ಚೆಲ್ಲಬೇಡಿರಿ. ಗುಂಪು ಹಾಕಿ, ನೀರು ಚಿಮುಕಿಸಿ, ಮಗುಚುತ್ತ ಚೆನ್ನಾಗಿ ಕಾವೇರಿಸಿ ಕೊಳೆಸಿರಿ. ಟೆಟ್ರಾಸೈಕ್ಲಿನ್ ಬಹಳಷ್ಟು ಇಳಿಯುತ್ತದೆ. ಸಿಪ್ರೋ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅದನ್ನು ಸಾಹೇಬರೇ ನೋಡಬೇಕು.

ಇಂತಿ,
ಆಲಮೇಲದ ಒಬ್ಬ ಲಿಂಬೆ ಬೆಳೆಗಾರ