ಯಂತ್ರಗರಗಸ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಬಾಯಿ ತೆರೆಯುವ ಮುನ್ನ ನಾಲ್ಕು ಸಂಗತಿ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ ಈ ಗ್ರಂಥದ ವಿಷಯ: ಮಳೆಗಾಲವಿಡೀ ಮಲೆನಾಡಿನ ಅಟ್ಟದಲ್ಲಿ ಮಲಗಿ, ಅಡಿಕೆ ಕೊಯ್ಲಿನ ಹೊತ್ತಿಗೆ ಕೆಳಗಿಳಿದು, ಹಗ್ಗ ಎಳೆದರೆ ಗುರ್ ಎಂದು, ರೇಸ್ ಕೊಟ್ಟೊಡನೆ ಸುಮ್ಮನಾಗುವ ಮರ ಕುಯ್ಯುವ ಮಿಷನ್ನು. ಪ್ರಯೋಜನ: ಅಡಿಕೆ ಬೇಯಿಸುವ ಹಂಡೆಯ ಅಡಿಗೆ ಸೌದೆ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಹಗ್ಗ ಎಳೆದೆಳೆದು ರಟ್ಟೆ ಬಿದ್ದುಹೋಗಿ, ಸುತ್ತ ನಿಂತ ಆಳುಗಳ ಮುಖ ನೋಡಲಾರದೆ ಆಕಾಶ ನೋಡುತ್ತಿರುವ ತೋಟದ ಯಜಮಾನ. ನಾಲ್ಕನೆಯದು ವಿಷಯಕ್ಕೂ ಅಧಿಕಾರಿಗೂ ಇರುವ ಸಂಬಂಧ. ಅದು ಸದ್ಯಕ್ಕೆ ಹಳಸಿದೆ.

ವಂಶಾವಳಿ

ಋಷಿಮೂಲ, ನದೀಮೂಲ ಕೇಳಬಾರದು. ಮಿಷನ್ನಿನ ಮೂಲ ಕೇಳಿದರೆ ದೋಷವಿಲ್ಲ. 1830ರ ಸುಮಾರಿಗೆ ಜರ್ಮನಿಯ ಮೂಳೆವೈದ್ಯ ಬರ್ನ್‌ಹಾರ್ಡ್ ಹೈನೆ, ರೋಗಿಗಳ ಮೂಳೆ ಕತ್ತರಿಸಲು ಹಲ್ಲಿನ ಸರಪಳಿಯನ್ನು ಕೈಯಿಂದ ತಿರುಗಿಸುವ ಸಾಧನವೊಂದನ್ನು ಮಾಡಿದ. ಅದೇ ದೇಶದ ಆಂಡ್ರಿಯಾಸ್ ಶ್ಟೀಲ್ 1929ರಲ್ಲಿ ಪೆಟ್ರೋಲಿನಿಂದ ಓಡುವ ಮರಗರಗಸವನ್ನು ತಂದ. 1946ರಲ್ಲಿ ಅಮೆರಿಕದ ಒರೆಗಾನ್ ಸೀಮೆಯ ಜೋಸೆಫ್ ಕಾಕ್ಸ್ ಎಂಬಾತ, ಮರ ಕೊರೆಯುವ ಹುಳುವೊಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತ ಸಾಗುವುದನ್ನು ಕಂಡು ಸರಪಳಿಗೆ ಇಂದಿನ ಹಲ್ಲಿನ ರೂಪ ಕೊಟ್ಟ. ಹೀಗೆ ವೈದ್ಯ, ಎಂಜಿನಿಯರು, ಹುಳು ಈ ಗೋತ್ರದ ಪ್ರವರ್ತಕರು. ಇವರಲ್ಲಿ ಎಷ್ಟು ತಿಂಗಳು ಬಿಟ್ಟರೂ ಮೊದಲ ದಿನವೇ ಕೆಲಸಕ್ಕೆ ಹತ್ತುವುದು ಹುಳುವೊಂದೇ ಎಂಬುದನ್ನು ಜಿಜ್ಞಾಸುಗಳು ಗಮನಿಸಬೇಕು.

ಪೂರ್ವಪಕ್ಷ

ಮಿಷನ್ನು ಏಳದಿದ್ದಾಗ ಅಂಗಳದಲ್ಲಿ ಕೂಡಲೇ ನಾಲ್ಕು ದರ್ಶನಗಳು ಹುಟ್ಟುತ್ತವೆ.

ಅತಿ ಪ್ರಾಚೀನವಾದದ್ದು ಪ್ಲಗ್‌ವಾದ. ‘ಪ್ಲಗ್ ಬಿಚ್ಚಿ ಒರೆಸಿದ್ರಾ ಮಾರಾಯ್ರೆ?’ ಎಂಬುದು ಇವರ ಮಹಾವಾಕ್ಯ. ಒರೆಸುತ್ತಾರೆ, ಊದುತ್ತಾರೆ, ಅರ್ಧ ಮಿಲಿಮೀಟರಿನ ಸಂದನ್ನು ಉಗುರಿನಿಂದ ಅಳೆಯುತ್ತಾರೆ. ಆದರೆ ಪ್ಲಗ್ ಹೇಳುವುದನ್ನು ಕೇಳುವುದಿಲ್ಲ. ಹಗ್ಗ ಎಳೆದ ಮೇಲೂ ಅದರ ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಒದ್ದೆಯಾಗಿದ್ದರೆ ಪೆಟ್ರೋಲ್ ಬಂದರೂ ಹೊತ್ತುತ್ತಿಲ್ಲ. ಇಷ್ಟು ಸ್ಪಷ್ಟವಾಗಿ ಸಾಕ್ಷಿ ಹೇಳಿದ ಪ್ಲಗ್ಗನ್ನು ಲುಂಗಿಯ ತುದಿಯಿಂದ ಒರೆಸಿ ಸಾಕ್ಷ್ಯವನ್ನೇ ನಾಶಮಾಡುವುದು ಈ ಪಂಥದ ಆಚಾರ.

ಎರಡನೆಯದು ತಿರುಪುವಾದ. ಕಾರ್ಬೊರೇಟರಿನ ಮೈಮೇಲೆ ‘ಎಲ್’, ‘ಹೆಚ್’ ಎಂಬ ಎರಡು ಬೀಜಾಕ್ಷರಗಳಿವೆ. ದೀಕ್ಷೆ ಪಡೆಯದವರು ಅವನ್ನು ಮುಟ್ಟಕೂಡದು. ಆದರೆ ಸ್ಕ್ರೂಡ್ರೈವರ್ ಕೈಗೆ ಬಂದವನಿಗೆ ದೀಕ್ಷೆ ಬಂದಂತೆಯೇ. ‘ಹೆಚ್’ ತಿರುಪನ್ನು ಬಿಗಿದಷ್ಟೂ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ನು ಕಿರುಚಿ ಓಡುತ್ತದೆ, ತಿರುಪುವಾದಿ ಹಿಗ್ಗುತ್ತಾನೆ. ಪೆಟ್ರೋಲಿನೊಡನೆ ಆಯಿಲ್ಲೂ ಕಡಿಮೆಯಾದದ್ದರಿಂದ ಪಿಸ್ಟನ್ನು ಕಾದು, ಗೀರಿಕೊಂಡು, ಸಿಲಿಂಡರಿನೊಳಗೇ ಕಚ್ಚಿ ನಿಂತು ಸಮಾಧಿಸ್ಥವಾಗುತ್ತದೆ.

ಮೂರನೆಯದು ತಾಡನವಾದ. ಇದಕ್ಕೆ ಗ್ರಂಥಗಳಿಲ್ಲ, ಅಂಗೈ ಸಾಕು.

ನಾಲ್ಕನೆಯ ದಂತವಾದದಲ್ಲಿ ಸತ್ಯಾಂಶವಿದೆ ಎಂದು ಸಿದ್ಧಾಂತಿಯೂ ಒಪ್ಪುತ್ತಾನೆ. ಎಂಜಿನ್ನು ಚೆನ್ನಾಗಿ ಓಡಿಯೂ ಮರ ಕುಯ್ಯದಿದ್ದರೆ, ಚಕ್ಕೆ ಬೀಳುವಲ್ಲಿ ಹಿಟ್ಟು ಉದುರುತ್ತಿದ್ದರೆ, ಮಂಕಾದದ್ದು ಎಂಜಿನ್ನಲ್ಲ, ಚೈನಿನ ಹಲ್ಲು. ಅರ ಹಿಡಿದು ಮಸೆಯದೆ ಕಾರ್ಬೊರೇಟರ್ ಬಿಚ್ಚಿದವನು ಹಲ್ಲುನೋವಿಗೆ ಹೊಟ್ಟೆ ಕೊಯ್ದ ವೈದ್ಯ.

ಪ್ರಮಾಣ ವಿಚಾರ

ಈಗ ಜ್ಞಾನದ ಸಾಧನಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಅನುಪಲಬ್ಧಿ: ವಸ್ತು ಕಾಣದಿರುವುದರಿಂದಲೇ ಅದರ ಅಭಾವ ತಿಳಿಯುವುದು. ಇರಬೇಕಾದ ಗೂಡಿನಲ್ಲಿ ಪ್ಲಗ್ ಸ್ಪ್ಯಾನರ್ ಕಾಣದಿರುವುದು ಇದಕ್ಕೆ ನಿತ್ಯೋದಾಹರಣೆ.

ಆಪ್ತವಾಕ್ಯ: ಮಿಷನ್ನಿನ ಜೊತೆ ಬಂದ ಪುಸ್ತಕವೇ ಶ್ರುತಿ, ಪೇಟೆಯ ಮೆಕ್ಯಾನಿಕ್ಕನ ಮಾತು ಸ್ಮೃತಿ. ಇವೆರಡಕ್ಕೆ ವಿರೋಧ ಬಂದರೆ ಶ್ರುತಿಯೇ ಮೇಲು. ಆದರೆ ಶ್ರುತಿ ಬಚ್ಚಲೊಲೆಯಲ್ಲಿ ಆಹುತಿಯಾಗಿ ವರ್ಷಗಳಾದ್ದರಿಂದ ವಿರೋಧದ ಪ್ರಶ್ನೆಯೇ ಏಳುವುದಿಲ್ಲ.

ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕು. ಅಂತೆಯೇ, ಚೋಕ್ ಹಾಕಿದಾಗ ಓಡಿ ಚೋಕ್ ತೆಗೆದೊಡನೆ ಸಾಯುವ ಮಿಷನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ತಿಳಿಯಬೇಕು. ಕಾರ್ಬೊರೇಟರಿನ ಕಿರುದಾರಿ ಕಟ್ಟಿದೆ, ಇಲ್ಲವೇ ಪೈಪು ಬಿರಿದು ಗಾಳಿ ಎಳೆಯುತ್ತಿದೆ. ಇನ್ನು, ಸ್ವಲ್ಪ ಹೊತ್ತು ಓಡಿ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ಸುಯ್ ಎಂದು ಉಸಿರೆಳೆದುಕೊಂಡು ಮತ್ತೆ ಓಡಿದರೆ, ಟ್ಯಾಂಕಿಗೆ ಗಾಳಿಯಾಡುವ ದಾರಿ ಮುಚ್ಚಿದೆ. ಮಲೆನಾಡಿನಲ್ಲಿ ಯಾವ ತೂತನ್ನು ಬಿಟ್ಟರೂ ಕುಂಬಾರ ಹುಳ ಅದನ್ನು ಸೈಟೆಂದು ಭಾವಿಸಿ ಮಣ್ಣಿನ ಮನೆ ಕಟ್ಟುತ್ತದೆ. ಸೈಲೆನ್ಸರಿನ ಬಾಯಿಗೂ ಇಣುಕಿ ನೋಡುವುದು ಕ್ಷೇಮ.

ಅನುಮಾನ: ಇಲ್ಲಿಯೇ ಶಾಸ್ತ್ರಕ್ಕೆ ದೊಡ್ಡ ಪೆಟ್ಟು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಉಂಟೆಂದು ನೈಯಾಯಿಕರು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಅಟ್ಟದಿಂದಿಳಿದ ಮಿಷನ್ನಿನಲ್ಲಾದರೋ ಹೊಗೆ ಅಂಗಳ ತುಂಬ, ಬೆಂಕಿಗೆ ಮಾತ್ರ ತ್ರಾಣವಿಲ್ಲ. ಹಾಗೆಂದು ತರ್ಕಶಾಸ್ತ್ರವನ್ನು ಕಟ್ಟಿಡಬೇಕಿಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯೇಕಿಲ್ಲ ಎಂಬ ಪ್ರಶ್ನೆ ಬಂದಾಗ ನೈಯಾಯಿಕರು ಒಂದು ಉಪಾಧಿ ಹೇಳಿದ್ದಾರೆ: ಹೊಗೆಗೆ ಹಸಿ ಇಂಧನದ ಸಂಯೋಗ ಬೇಕು. ಟ್ಯಾಂಕಿನ ಮುಚ್ಚಳ ತೆಗೆಯದೆಯೇ ಅವರು ರೋಗ ಹಿಡಿದುಬಿಟ್ಟರು. ಇಂಧನ ಹಸಿಯಾಗಿದೆ!

ಸಿದ್ಧಾಂತ

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಅಂಥ ಪೆಟ್ರೋಲಿನ ಲೀಟರಿನಲ್ಲಿ 200 ಮಿಲಿಲೀಟರು ಎಥನಾಲ್. ಎಥನಾಲಿನ ಜಾತಿಧರ್ಮ ನೀರನ್ನು ಹೀರುವುದು. ಮಲೆನಾಡಿನ ಜಾತಿಧರ್ಮ ನೀರನ್ನು ಒದಗಿಸುವುದು. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಹಪ್ಪಳವೇ ಗರಿಗರಿಯಾಗಿ ಉಳಿಯದ ಸೀಮೆಯಲ್ಲಿ ಎಥನಾಲ್ ಒಣಗಿರಲೆಂದು ಬಯಸುವುದು ಅಧರ್ಮ.

ಹೀರಿದ ನೀರು ಮಿತಿಮೀರಿದಾಗ ಟ್ಯಾಂಕಿನಲ್ಲಿ ದ್ವೈತ ಸ್ಥಾಪನೆಯಾಗುತ್ತದೆ. ಪೆಟ್ರೋಲೂ ಅದರೊಡನೆ ಟೂಟಿ ಆಯಿಲ್ಲೂ ಮೇಲೆ, ನೀರೂ ಎಥನಾಲೂ ಕೆಳಗೆ. ಮಿಷನ್ನನ್ನು ಹೇಗೆ ಓರೆ ಹಿಡಿದರೂ ಇಂಧನ ಸಿಗಲೆಂದು ಟ್ಯಾಂಕಿನೊಳಗಿನ ಫಿಲ್ಟರು ಭಾರಕ್ಕೆ ತಳವನ್ನೇ ಹುಡುಕಿ ಬೀಳುತ್ತದೆ. ಹೀಗಾಗಿ ಎಂಜಿನ್ನಿಗೆ ಮೊದಲು ಸಿಗುವುದು ಎಣ್ಣೆಯ ಪಸೆಯಿಲ್ಲದ ಆ ತಳದ ತೀರ್ಥ. ಇನ್ನೊಂದೆಡೆ, ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ ಕಿರುತೂತುಗಳನ್ನು ಕಟ್ಟುತ್ತದೆ. ತೆಳು ಪೊರೆಯ ಡಯಾಫ್ರಾಮು ಬಿರುಸಾಗುತ್ತದೆ.

ಆದ್ದರಿಂದ ಕರ್ಮಸಿದ್ಧಾಂತವೇ ಸಿದ್ಧಾಂತ. ಟ್ಯಾಂಕಿನಲ್ಲಿ ಉಳಿಸಿದ ಪೆಟ್ರೋಲು ಸಂಚಿತ. ಇಂದು ಅಂಗಳದಲ್ಲಿ ಅನುಭವಿಸುತ್ತಿರುವುದು ಪ್ರಾರಬ್ಧ. ಈ ವರ್ಷ ಕೆಲಸ ಮುಗಿದ ಮೇಲೆ ಮತ್ತೆ ಉಳಿಸಲಿರುವುದು ಆಗಾಮಿ. ಮಿಷನ್ನು ಕೆಟ್ಟದ್ದು ಕಾರ್ತಿಕದಲ್ಲಲ್ಲ, ಜ್ಯೇಷ್ಠದಲ್ಲಿ. ಕೆಡಿಸಿದ್ದು ಬಳಕೆಯಲ್ಲ, ಎತ್ತಿಟ್ಟ ರೀತಿ.

ಪ್ರಾಯಶ್ಚಿತ್ತ

ಹಳೆಯ ಪೆಟ್ರೋಲನ್ನು ಪೂರ್ತಿ ಬಸಿದು ತೆಗೆಯತಕ್ಕದ್ದು. ಅದನ್ನು ಅಡಿಕೆ ಬುಡಕ್ಕೆ ಅಭಿಷೇಕ ಮಾಡತಕ್ಕದ್ದಲ್ಲ. ಪುಸ್ತಕ ಹೇಳಿದ ಅಳತೆಗೆ, 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು ಟೂಟಿ ಆಯಿಲ್ ಬೆರೆಸಿ ಹೊಸ ಪೆಟ್ರೋಲ್ ಹಾಕಬೇಕು. ಟ್ಯಾಂಕಿನ ಫಿಲ್ಟರ್ ಬದಲಿಸಿ, ಏರ್ ಫಿಲ್ಟರಿನ ಹೊಟ್ಟು ಕೊಡವಿ, ಪೈಪನ್ನು ಬಗ್ಗಿಸಿ ಬಿರುಕು ನೋಡಿ, ಸೈಲೆನ್ಸರಿನ ಜಾಲರಿಗೆ ಕಟ್ಟಿದ ಮಸಿಯನ್ನು ಬ್ರಷ್ಷಿನಿಂದ ಉಜ್ಜಬೇಕು. ಇಷ್ಟಕ್ಕೂ ಬಗ್ಗದಿದ್ದರೆ ಕಾರ್ಬೊರೇಟರ್ ಬಿಚ್ಚಿ ತೊಳೆದು ಡಯಾಫ್ರಾಮ್ ಕಿಟ್ ಹಾಕಿಸುವುದು. ಬೀಜಾಕ್ಷರಗಳ ಸರದಿ ಎಲ್ಲಕ್ಕಿಂತ ಕೊನೆಗೆ, ಅದೂ ಗುರುಮುಖೇನ. ಕೆಲಸದ ಋತು ಮುಗಿದಾಗ ಟ್ಯಾಂಕ್ ಬರಿದುಮಾಡಿ, ಕಾರ್ಬೊರೇಟರ್ ಒಣಗಿ ತಾನಾಗಿ ನಿಲ್ಲುವವರೆಗೆ ಎಂಜಿನ್ನು ಓಡಿಸಿ, ಆಮೇಲೆ ಅಟ್ಟಕ್ಕೇರಿಸಬೇಕು. ಉಪವಾಸದಲ್ಲಿ ಮಲಗಿಸಿದ ಮಿಷನ್ನೇ ಆರೋಗ್ಯವಾಗಿ ಏಳುವುದು.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿ ಆಚರಿಸಿದವನ ಮಿಷನ್ನು ಬೇಗ ಏಳುತ್ತದೆ. ಓದದಿದ್ದರೂ ಟ್ಯಾಂಕ್ ಬಸಿದವನದ್ದು ಅಷ್ಟೇ ಬೇಗ ಏಳುತ್ತದೆ. ಇದು ಶಾಸ್ತ್ರಕಾರನಿಗೆ ಬೇಸರದ ಸಂಗತಿ. ಆದ್ಯಂತ ಓದಿ, ತಲೆದೂಗಿ, ‘ನಡುವೆ ಎಲ್ಲಾದ್ರೂ ಮರ ಬಿದ್ರೆ ಬೇಕಾಗ್ತದೆ’ ಎಂದು ಅರ್ಧ ಟ್ಯಾಂಕ್ ಉಳಿಸಿ ಅಟ್ಟಕ್ಕೇರಿಸಿದವನಿಗೆ ಪೇಟೆಯ ಮೆಕ್ಯಾನಿಕ್ಕನ ಮಗಳ ಕಾಲೇಜು ಫೀಸು ಕಟ್ಟಿದ ಪುಣ್ಯ ಪ್ರಾಪ್ತವಾಗುತ್ತದೆ. ಸೌದೆ ಪ್ರಾಪ್ತವಾಗುವುದಿಲ್ಲ.