ಸೂರ್ಯ ಹೋಗಲಿ, ಆಮೇಲೆ

ಕೋಲ್ಕತ್ತದ ಪ್ರಿನ್ಸೆಪ್ ಘಾಟ್‌ಗೆ ಸಂಜೆ ಬರುವವರಲ್ಲಿ ಎರಡು ಪಂಗಡ. ಸೂರ್ಯಾಸ್ತ ನೋಡಲು ಬರುವವರದು ಒಂದು, ಈ ಸೂರ್ಯ ಯಾವಾಗ ತೊಲಗುತ್ತಾನೋ ಎಂದು ಕಾಯುವವರದು ಇನ್ನೊಂದು. ಎರಡನೆಯದರಲ್ಲಿ ಜನ ಕಡಿಮೆ, ಸಾಮಾನು ಜಾಸ್ತಿ. ನಮ್ಮ ಭಾವ ಅದರ ಕಟ್ಟಾ ಸದಸ್ಯರು.

ಬ್ಯಾಂಕಿನವರು ಬೆಂಗಳೂರಿನಿಂದ ಅಲ್ಲಿಗೆ ವರ್ಗ ಮಾಡಿದಾಗ ಅಕ್ಕ ಅತ್ತಳು, ಭಾವ ಭೂಪಟ ಬಿಚ್ಚಿದರು. ಹೂಗ್ಲಿ ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ, ಊರು ಪೂರ್ವದ ದಡದಲ್ಲಿದೆ. ಅಂದರೆ ಸೂರ್ಯ ಇಳಿಯುವುದು ನೀರಿನಾಚೆ, ಹೌರಾ ಕಡೆ. "ದೇವರೇ ಫ್ರೇಮ್ ಹಾಕಿಟ್ಟಿದ್ದಾನೆ ಕಣಯ್ಯ" ಎಂದರು. ಗಡಿಯಾರದ ವಿಚಾರ ಮಾತ್ರ ದೇವರು ಹೇಳಿರಲಿಲ್ಲ. ದೇಶಕ್ಕೆಲ್ಲ ಒಂದೇ ಟೈಮು ಅನ್ನುವ ಕಟ್ಟುಪಾಡು ಸೂರ್ಯನಿಗಿಲ್ಲ. ಡಿಸೆಂಬರ್ ಶುರುವಿನಲ್ಲಿ ಬೆಂಗಳೂರಲ್ಲಿ ಅವನು ಮುಳುಗುವುದು ಸುಮಾರು 5.50ಕ್ಕೆ, ಕೋಲ್ಕತ್ತದಲ್ಲಿ 4.50ಕ್ಕೇ. ಭಾವ ಲೆಕ್ಕ ಹೊಂದಿಸಿ ಬ್ಯಾಂಕಿನಿಂದ ಹೊರಬೀಳುವಷ್ಟರಲ್ಲಿ ಕಗ್ಗತ್ತಲು. ಹಾಗಾಗಿ ಅವರ ಚಳಿಗಾಲದ ಕಲಾಸೇವೆಯೆಲ್ಲ ಎರಡನೇ ಶನಿವಾರ, ನಾಲ್ಕನೇ ಶನಿವಾರ ಮತ್ತು ಭಾನುವಾರಗಳಿಗೆ ಮೀಸಲು.

ಮೂರೂವರೆಗೇ ಘಾಟ್ ಸೇರಿ, ಟ್ರೈಪಾಡ್‌ನ ಮೂರು ಕಾಲು ಅಗಲಿಸಿ, ನಡುವಿನ ಕೊಕ್ಕೆಗೆ ಕ್ಯಾಮೆರಾ ಚೀಲ ನೇತುಹಾಕಿ ಭಾರ ಕೊಡುತ್ತಾರೆ. ತಲೆಗೆ ಮಂಕಿ ಕ್ಯಾಪು. ಬಂಗಾಳಿಗಳಿಂದ ಅವರು ಮನಸಾರೆ ಕಲಿತದ್ದು ಇದೊಂದೇ. ಆಮೇಲೆ ಕೆಲಸವಿಲ್ಲ. ಆಗ ಯಾರಾದರೂ ಕುತೂಹಲದಿಂದ ಹತ್ತಿರ ಸುಳಿದರೆ ಮುಗಿಯಿತು. ಈ ಘಾಟ್ ಯಾರ ನೆನಪಿನದು ಗೊತ್ತೆ? ಜೇಮ್ಸ್ ಪ್ರಿನ್ಸೆಪ್, 1837ರ ಸುಮಾರಿಗೆ ಬ್ರಾಹ್ಮಿ ಲಿಪಿ ಓದಿದವನು. ಆದರೆ ಶಾಸನದ ದೇವಾನಾಂಪ್ರಿಯ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ಶಾಸನ, ಸಿಕ್ಕಿದ್ದು 1915ರಲ್ಲಿ! ಝಾಲ್‌ಮುಡಿ ಮಾರುವವನು ಇದನ್ನೆಲ್ಲ ಭಾವನ ಹಿಂದಿಯಲ್ಲಿ ಕೇಳಿ, ಸಾಸಿವೆ ಎಣ್ಣೆ ಒಂದಿಷ್ಟು ಜಾಸ್ತಿ ಹಾಕಿಕೊಟ್ಟು ಹೋಗುತ್ತಾನೆ.

ಸೂರ್ಯ ಕೆಂಪಗೆ ನೀರಿಗಿಳಿಯುವಾಗ ಘಾಟ್ ತುಂಬ ಮೊಬೈಲು ಮೇಲೇಳುತ್ತವೆ. ಭಾವ ಆಗ ಮಣ್ಣಿನ ಕುಡಿಕೆಯಲ್ಲಿ ಚಹಾ ಹೀರುತ್ತ ನಿಂತಿರುತ್ತಾರೆ, ಮದುವೆಮನೆಯಲ್ಲಿ ಮೊದಲ ಪಂಕ್ತಿ ಏಳಲಿ ಎಂದು ಕಾಯುವ ಯಜಮಾನರ ಹಾಗೆ. ಸೂರ್ಯ ಮುಳುಗಿ ಜನ ಪ್ಯಾಂಟಿನ ಧೂಳು ಕೊಡವಿ ಎದ್ದದ್ದೇ "ಈಗ ಶುರು ನೋಡಯ್ಯ!"

ನಿಜ ಹೇಳಬೇಕೆಂದರೆ ಈ ಒಂದು ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ. ಸೂರ್ಯ ಹೋದ ಮೇಲೆ 20–25 ನಿಮಿಷ ಆಕಾಶ ಕಡುನೀಲಿಯಾಗುತ್ತದೆ. ಅಷ್ಟರಲ್ಲಿ ವಿದ್ಯಾಸಾಗರ ಸೇತುವಿನ ದೀಪ ಹೊತ್ತಿರುತ್ತದೆ. 1992ರಲ್ಲಿ ತೆರೆದ, 823 ಮೀಟರ್ ಉದ್ದದ ಆ ತೂಗುಕೇಬಲ್ ಸೇತುವೆ ಮತ್ತು ಆಕಾಶ, ಎರಡರ ಬೆಳಕೂ ತಕ್ಕಡಿಯಲ್ಲಿ ಸರಿತೂಗುವುದು ಆ ಹೊತ್ತಿನಲ್ಲಿ ಮಾತ್ರ. ಇನ್ನೂ ತಡವಾದರೆ ಆಕಾಶ ಬರೀ ಕಪ್ಪು, ದೀಪ ಬರೀ ಬಿಳಿ. ಐಎಸ್‌ಒ 100, ಎಫ್ 11, ಶಟರ್ 30 ಸೆಕೆಂಡು. ಬೆರಳು ತಾಕಿದರೆ ಅಲುಗುತ್ತದೆಂದು ಟೈಮರ್ ಇಟ್ಟು, ಭಾವ ಉಸಿರು ಬಿಗಿಹಿಡಿದು ಹಿಂದೆ ಸರಿಯುತ್ತಾರೆ.

ಸ್ಮಾರಕಕ್ಕೂ ನದಿಗೂ ನಡುವೆ ಸರ್ಕ್ಯುಲರ್ ರೈಲಿನ ಹಳಿ ಇದೆ. ಭಾವ ಉಸಿರು ಹಿಡಿದಾಗಲೇ ರೈಲು ಬರಬೇಕೆಂದು ಪೂರ್ವ ರೈಲ್ವೆಯ ವೇಳಾಪಟ್ಟಿಯಲ್ಲಿ ಬರೆದಿರಲಾರದು, ಆದರೂ ಬರುತ್ತದೆ. ನೆಲ ನಡುಗುತ್ತದೆ, ಸೇತುವೆಗೆ ನಾಲ್ಕು ಗೋಪುರ ಮೂಡುತ್ತವೆ. ಹಾಗಂತ ಒಮ್ಮೆ ಫೆರಿ ಹತ್ತುವ ಜೆಟ್ಟಿಗೆ ಹೋದರು. ಅದೋ ನೀರಿನ ಮೇಲೆ ತೇಲುವ ಜೆಟ್ಟಿ. ಅಲ್ಲಿ ತೆಗೆದದ್ದರಲ್ಲಿ ಹೌರಾ ಸೇತುವೆಯ ಮಹಾ ಉಕ್ಕು ಶಾವಿಗೆಯಾಗಿ ಬಿದ್ದಿತ್ತು. "ಅಮೂರ್ತ" ಎಂದು ಹೆಸರಿಟ್ಟು ಹಾಲಿನಲ್ಲಿ ತೂಗುಹಾಕಿದ್ದಾರೆ.

30 ಸೆಕೆಂಡಿನ ಫೋಟೊದ ಇನ್ನೊಂದು ಮಹಿಮೆ ಎಂದರೆ, ಓಡಾಡುವುದೆಲ್ಲ ಅದರಲ್ಲಿ ಮಾಯ. ದಾಟಿ ಹೋದ ದೋಣಿ, ಚಹಾದವನು, ನಾಯಿ, ಮಕ್ಕಳು, ಯಾರೂ ಇಲ್ಲ. ಕೋಲ್ಕತ್ತದಂಥ ಕೋಲ್ಕತ್ತವನ್ನು ನಿರ್ಜನ ಮಾಡಿದ ಕೀರ್ತಿ ಭಾವನದು. ಕದಲದೆ ಕೂತವರು ಮಾತ್ರ ಕಲ್ಲಿನ ಕಂಬದಷ್ಟು ಸ್ಪಷ್ಟ. ಪ್ರಿನ್ಸೆಪ್ ಘಾಟ್‌ನಲ್ಲಿ ಹಾಗೆ ಕೂರುವವರು ಪ್ರೇಮಿಗಳೇ. ಅವರನ್ನು ಕಂಡಾಗಲೆಲ್ಲ ಭಾವ ಟ್ರೈಪಾಡ್ ಹೊತ್ತು ಮುಂದಕ್ಕೆ ಹೋಗುತ್ತಾರೆ. ಒಂದಿಬ್ಬರು ಹುಡುಗರು ಎದ್ದು ಬಂದು, "ದಾದಾ, ಡಿಲೀಟ್ ಕೊರುನ್" ಎಂದು ಕೈಮುಗಿದದ್ದೂ ಉಂಟು.

ಈ ಗುಟ್ಟು ಅಕ್ಕನಿಗೆ ತಿಳಿದದ್ದೇ ಎಡವಟ್ಟಾಯಿತು. ಮೊದಲೆಲ್ಲ ಸೊಳ್ಳೆ ಹೊಡೆದುಕೊಳ್ಳುತ್ತ ಹಿಂದೆಲ್ಲೋ ಅಡ್ಡಾಡುತ್ತಿದ್ದಳು. ಈಗ ಭಾವ ಶಟರ್ ಒತ್ತುವುದಕ್ಕೂ ಇವಳು ಶಾಲು ಹೊದ್ದು ನೇರ ಕೆಳಗಿನ ಮೆಟ್ಟಿಲಿಗೆ ಹೋಗಿ ಬೆನ್ನು ನೆಟ್ಟಗೆ ಮಾಡಿ ಕೂರುವುದಕ್ಕೂ ಸರಿಹೋಗುತ್ತದೆ.

"ಲೇ, ಫ್ರೇಮಲ್ಲಿದೀಯ ಕಣೇ, ಸ್ವಲ್ಪ ಓಡಾಡು!"

"ಊಟಕ್ಕೆ ಹೊರಗೆ ಕರ್ಕೊಂಡು ಹೋಗ್ತೀರಾ?"

"ಆಗಲಿ, ಆಗಲಿ. ಏಳು ಮೊದಲು!"

"ಎಲ್ಲಿಗೆ ಅಂತ ಹೇಳಿ, ಏಳ್ತೀನಿ."

ಸೆಕೆಂಡುಗಳು ಓಡುತ್ತಿರುತ್ತವೆ. ಅಕ್ಕ ರೆಪ್ಪೆ ಕೂಡ ಆಡಿಸುವುದಿಲ್ಲ.