ಸಮುದ್ರ ಕಾಣುವ ಮನೆ ಬೇಕಾಗಿದೆ

ಮಂಗಳೂರಿಗೆ ವರ್ಗವಾಗಿದೆ ಎಂಬ ಆದೇಶ ಕೈಸೇರಿದ್ದು ಮೇ ತಿಂಗಳ ಕೊನೆಯಲ್ಲಿ. ಎರಡು ವರ್ಷ, ಮೇಲಿನವರಿಗೆ ಮನಸ್ಸಾದರೆ ಮೂರು. ಅದನ್ನು ನಾನು ಪೂರ್ತಿ ಓದುವ ಮೊದಲೇ ಮೈಸೂರಿನ ನಮ್ಮ ಬಂಧುಬಳಗ ಓದಿ ಮುಗಿಸಿತ್ತು. ಅಳಬೇಕೋ ನಗಬೇಕೋ ಎಂದು ನಾನಿನ್ನೂ ಯೋಚಿಸುತ್ತಿದ್ದೆ. "ಪುಣ್ಯವಂತ ಕಣಯ್ಯ ನೀನು, ಸಂಜೆಯಾದ್ರೆ ಬೀಚು!" ಎಂದರು ದೊಡ್ಡಪ್ಪ. ಅವರ ಲೆಕ್ಕದಲ್ಲಿ ಮಂಗಳೂರಿನ ಬ್ಯಾಂಕುಗಳು ಮೂರು ಗಂಟೆಗೆ ಕೌಂಟರ್ ಮುಚ್ಚುತ್ತವೆ, ನೌಕರರೆಲ್ಲ ಪ್ಯಾಂಟು ಮಡಚಿಕೊಂಡು ಪಣಂಬೂರಿನ ಕಡೆ ಸಾಲಾಗಿ ನಡೆಯುತ್ತಾರೆ.

ಬ್ಯಾಂಕಿನವನನ್ನು ಆ ಊರಿಗೆ ಕಳಿಸುವುದೇ ಒಂದು ತಮಾಷೆ. 1906ರಲ್ಲಿ ಕೆನರಾ ಬ್ಯಾಂಕ್ ಹುಟ್ಟಿದ್ದು ಮಂಗಳೂರಿನಲ್ಲಿ. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. 1924ಕ್ಕೆ ಕರ್ಣಾಟಕ ಬ್ಯಾಂಕ್, 1925ಕ್ಕೆ ಸಿಂಡಿಕೇಟ್, 1931ಕ್ಕೆ ವಿಜಯಾ. ಆಗ ಒಂದೇ ಆಗಿದ್ದ ಜಿಲ್ಲೆ ಕಾಲು ಶತಮಾನದಲ್ಲಿ ಐದು ಬ್ಯಾಂಕು ಹೆತ್ತು, ಸಾಕಿ, ದೊಡ್ಡದು ಮಾಡಿತು. ಅವುಗಳಲ್ಲಿ ಮೂರರ ಹೆಸರನ್ನು 2019, 2020ರ ವಿಲೀನಗಳು ಬೋರ್ಡಿನ ಮೇಲಿಂದಲೂ ಅಳಿಸಿದವು, ಅದು ಬೇರೆ ಮಾತು. ಅಂಥ ನೆಲದಲ್ಲಿ ಠೇವಣಿ ಎತ್ತಿಕೊಂಡು ಬಾ ಎಂದು ನನಗೆ ಗುರಿ ನಿಗದಿ ಮಾಡಿದ್ದಾರೆ. ಕಮ್ಮಾರರ ಕೇರಿಗೆ ಸೂಜಿ ಮಾರಲು ಹೊರಟವನ ಪಾಡು ನನ್ನದು. ಹೋಗಲಿ, ನಗರ ಬಸ್ಸು ಹತ್ತಿದರೂ ನೆಮ್ಮದಿಯಿಲ್ಲವಂತೆ. ಬಸ್‌ಸ್ಟ್ಯಾಂಡಿನ ಹೆಸರೇ ಸ್ಟೇಟ್‌ಬ್ಯಾಂಕ್. ಕಂಡಕ್ಟರುಗಳು ಬೆಳಗಿನಿಂದ ರಾತ್ರಿಯವರೆಗೆ ಬಾಗಿಲಲ್ಲಿ ನೇತಾಡಿಕೊಂಡು ನಮ್ಮ ಪ್ರತಿಸ್ಪರ್ಧಿಯ ಹೆಸರನ್ನು ಪುಕ್ಕಟೆಯಾಗಿ ಕೂಗುತ್ತಾರೆ.

ಸಿದ್ಧತೆ ಶುರುವಾಯಿತು. ನನ್ನದಲ್ಲ, ನೆಂಟರದು. ನನಗೆ ಮನೆ ಸಿಗುವ ಮೊದಲೇ ಆ ಮನೆಯ ಹಾಲ್ ಅಕ್ಟೋಬರ್‌ವರೆಗೆ ಬುಕ್ ಆಯಿತು. "ಧರ್ಮಸ್ಥಳಕ್ಕೆ ಹೋಗುವಾಗ ದಾರೀಲಿ ನಿಮ್ಮನೇಲಿ ಒಂದು ರಾತ್ರಿ ಇದ್ದು ಹೋಗ್ತೀವಿ" ಎಂದರು ಚಿಕ್ಕಮ್ಮ. ಘಟ್ಟ ಇಳಿದವರಿಗೆ ಮೊದಲು ಧರ್ಮಸ್ಥಳ ಸಿಗುತ್ತದೆ, ಮಂಗಳೂರು ಆಮೇಲೆ. ಮಂಗಳೂರಿಗೆ ಬಂದು ಧರ್ಮಸ್ಥಳಕ್ಕೆ ಹೋಗುವುದೆಂದರೆ ಬಂದ ದಿಕ್ಕಿಗೇ ತಿರುಗಿ ಎಪ್ಪತ್ತು ಎಪ್ಪತ್ತೈದು ಕಿಲೋಮೀಟರ್ ಹೋಗುವುದು. ಆದರೆ ವಸತಿ ಪುಕ್ಕಟೆ ಇದ್ದಲ್ಲಿ ಭೂಗೋಳ ತಾನಾಗಿ ಬಾಗುತ್ತದೆ. ಕಟೀಲು, ಉಡುಪಿ, ಕೊಲ್ಲೂರು, ಕುಕ್ಕೆ, ಎಲ್ಲವೂ ಈಗ ನಮ್ಮ ಬಾಡಿಗೆ ಮನೆಯ ಪಕ್ಕದ ಬೀದಿಗಳು. ನಾನು ಮಂಗಳೂರಿಗೆ ಹೋಗುತ್ತಿರುವುದು ಅಧಿಕಾರಿಯಾಗಿಯೋ ಛತ್ರದ ಪಾರುಪತ್ತೇಗಾರನಾಗಿಯೋ ಎಂಬುದನ್ನು ಆದೇಶದಲ್ಲಿ ಇನ್ನಷ್ಟು ಸ್ಪಷ್ಟಪಡಿಸಬಹುದಿತ್ತು.

ಸಾಮಾನಿನ ಪಟ್ಟಿ ನನ್ನಾಕೆಯದು. ಆಕೆ ಬರುವುದಿಲ್ಲ, ಮಗಳ ಪಿಯುಸಿ ಇದೆ, ಅದಕ್ಕಿಂತ ಹೆಚ್ಚಾಗಿ ಆಕೆಯ ರೇಷ್ಮೆ ಸೀರೆಗಳಿವೆ. ಮೈಸೂರಿಗೆ ಇಡೀ ವರ್ಷದಲ್ಲಿ ಬೀಳುವ ಮಳೆ 800 ಮಿಲಿಮೀಟರಿನ ಆಸುಪಾಸು. ಮಂಗಳೂರಿಗೆ 3500 ದಾಟುತ್ತದೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇದನ್ನು ಎಲ್ಲಿಯೋ ಓದಿಕೊಂಡ ಆಕೆ ಮೂರು ಕೊಡೆ, ಎರಡು ರೈನ್‌ಕೋಟು, ಒಂದು ಡಬ್ಬ ನುಸಿಗುಳಿಗೆ, ನನ್ನ ಪದವಿ ಪ್ರಮಾಣಪತ್ರದ ಲ್ಯಾಮಿನೇಷನ್ ಎಲ್ಲ ಮಾಡಿಸಿಟ್ಟಳು. ಐವತ್ತೆರಡನೇ ವಯಸ್ಸಿನಲ್ಲಿ ನನ್ನ ಬಿಕಾಂ ಯಾರಿಗೆ ತೋರಿಸಬೇಕೋ!

ಶಾಖೆಯಲ್ಲಿ ಪುತ್ತೂರು ಕಡೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಪಟ್ಟಿ ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕೊಡೆ ಎಂತಕ್ಕೆ ಮಾರಾಯ್ರೆ? ಅಲ್ಲಿ ಕೊಡೆ ಬಿಸಿಲಿಗೆ. ಮಳೆಗೆ ಹಿಡಿದ್ರೂ ಒದ್ದೆ, ಹಿಡಿಯದಿದ್ರೂ ಒದ್ದೆ." ಚರ್ಮದ ಬೂಟು ಒಯ್ಯುತ್ತೇನೆ ಎಂದೆ. ಒಯ್ಯಿರಿ, ಆಗಸ್ಟ್ ಹೊತ್ತಿಗೆ ಅದರ ಮೇಲೆ ಹಸಿರು ಬೂಷ್ಟು ಬಂದು ವೆಲ್ವೆಟ್ಟಿನ ಬೂಟಾಗುತ್ತದೆ ಎಂದರು. ಬೆಲ್ಟೂ ಅಷ್ಟೇ. ಉಪ್ಪಿನ ಡಬ್ಬ ತೆರೆದರೆ ನೀರು, ಹಪ್ಪಳ ಕರಿದಿಟ್ಟರೆ ಐದೇ ನಿಮಿಷದಲ್ಲಿ ಚಪಾತಿ. "ಮತ್ತೆ ಅಲ್ಲಿಗೆ ಏನು ಒಯ್ಯಬೇಕು ಸಾರ್?" ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಎರಡು ಜೊತೆ ಹೆಚ್ಚು ಬನಿಯನ್" ಎಂದರು. ಇಡೀ ಸಿದ್ಧತೆಯಲ್ಲಿ ನನಗೆ ಸಿಕ್ಕ ಉಪಯುಕ್ತ ಸಲಹೆ ಇದೊಂದೇ.

ಮೀನಿನ ವಿಷಯಕ್ಕೂ ಅವರೇ ತಣ್ಣೀರೆರಚಿದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಂಗುಡೆ, ಕಾಣೆ, ಅಂಜಲ್ ಎಂದು ನಾಲಿಗೆ ಚಾಚಿಕೊಂಡು ಇಳಿಯುವವನು ಸರಿಯಾಗಿ ನಿಷೇಧದ ದಿನವೇ ಇಳಿಯುತ್ತಾನೆ. (ಈ ಬರಹವನ್ನು ನಮ್ಮ ಮನೆಯಲ್ಲೂ ಓದುತ್ತಾರೆ. ಆದ್ದರಿಂದ ಮೀನಿನ ಮಾತು ಇಲ್ಲಿಗೆ ಸಾಕು.)

"ವಾರವಾರ ಬರ್ತೀನಿ" ಎಂದು ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಈ ಮಾತಿಗೆ ಸಂಪಾಜೆ ಘಾಟಿಯ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಅದು ಎಷ್ಟೋ ದಿನ ಮುಚ್ಚಿಹೋಗಿತ್ತು. ಶಿರಾಡಿ ಮಳೆಗಾಲದಲ್ಲಿ ಯಾವಾಗ ತೆರೆದಿರುತ್ತದೆ ಎಂದು ಹಾಸನದವರನ್ನೇ ಕೇಳಬೇಕು. ರೈಲು ಇದೆಯಲ್ಲ ಎಂದರೆ, 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ಘಟ್ಟವನ್ನು ಕೊರೆದು, ಕಡಿದು, ಅಗಲ ಮಾಡುತ್ತಲೇ ಇದ್ದೇವೆ. ಪ್ರತಿ ಮಳೆಗಾಲಕ್ಕೂ ಅದು ನಮ್ಮ ಮೇಲೆ ಬೀಳುತ್ತಲೇ ಇದೆ. ಪ್ರತಿ ಸಲವೂ ಪತ್ರಿಕೆಗಳಲ್ಲಿ ಬರುವುದು 'ಪ್ರಕೃತಿಯ ಮುನಿಸು' ಎಂದು. ಗುತ್ತಿಗೆದಾರನಿಗೆ ಇಷ್ಟು ಅನುಕೂಲವಾದ ಮುನಿಸು ಇನ್ನೊಂದಿಲ್ಲ.

ಭಾಷೆಯನ್ನೂ ಕಲಿತೆ. ಆ ಊರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಮೂರು ಹೆಸರಿನ ಊರಲ್ಲಿ ಒಂದೇ ಭಾಷೆಯವನು ಅರ್ಧ ಮೂಗನಂತೆ ಎಂದು ಹೆದರಿ ಮೊಬೈಲಿನಲ್ಲಿ ಹದಿನೈದು ದಿನ ತುಳು ಪಾಠ ಕೇಳಿದೆ. ಮನೆ ನೋಡಲು ಹೋದ ದಿನ ಹಂಪನಕಟ್ಟೆಯಲ್ಲಿ ರಿಕ್ಷಾದವರ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ಒಣಸ್ ಆಂಡಾ?" ಎಂದೆ. ಆಗ ಬೆಳಿಗ್ಗೆ ಎಂಟು ಗಂಟೆ. ಆತ ಬಹಳ ಮರ್ಯಾದೆಯಿಂದ, ನಮ್ಮ ಆಕಾಶವಾಣಿಯವರೂ ನಾಚುವಂಥ ಕನ್ನಡದಲ್ಲಿ, "ಊಟಕ್ಕೆ ಇನ್ನೂ ಸಮಯ ಉಂಟು. ನೀವು ಘಟ್ಟದ ಮೇಲಿನವರಾ?" ಎಂದ. ಅಲ್ಲಿಗೆ ನನ್ನ ತುಳು ಮುಗಿಯಿತು.

ಇನ್ನು ಮನೆ. ಬಾಡಿಗೆ, ಮುಂಗಡ, ನೀರು, ಪಾರ್ಕಿಂಗ್, ಇದ್ಯಾವುದನ್ನೂ ಮನೆ ಮಾಲೀಕರು ಮೊದಲು ಕೇಳುವುದಿಲ್ಲ. "ನಿಮ್ಮದು ಯಾವೂರು?" ಮೈಸೂರು ಎಂದರೆ, "ಅಲ್ಲ, ಮೂಲ ಎಲ್ಲಿ?" ಅದಕ್ಕೂ ಉತ್ತರ ಕೊಟ್ಟರೆ, "ಮನೆದೇವರು ಯಾವುದು?" ಅದೂ ಹೊಳೆಯದಿದ್ದರೆ, "ಊಟಕ್ಕೆ ಹೇಗೆ, ಎಲ್ಲ ಆಗ್ತದಾ?" ಜಾತಿ ಕೇಳುವುದು ಅನಾಗರಿಕ ಎಂದು ವಿದ್ಯಾವಂತ ಜಿಲ್ಲೆಗೆ ಚೆನ್ನಾಗಿ ಗೊತ್ತಿದೆ. ಹಾಗಾಗಿ ಪ್ರಶ್ನೆ ಒಂದು ಸುತ್ತು ಬಳಸಿ, ಹಿತ್ತಿಲ ಬಾಗಿಲಿಂದ ಒಳಗೆ ಬರುತ್ತದೆ. ನಮ್ಮ ಮೈಸೂರಿನಲ್ಲೂ ಇದೇ ಕತೆ. ಅಲ್ಲಿ ನಾನು ಕೇಳುವವರ ಕಡೆ ಇದ್ದೆ, ಇಲ್ಲಿ ಮೆಟ್ಟಿಲ ಮೇಲೆ ನಿಂತಿದ್ದೆ, ವ್ಯತ್ಯಾಸ ಅಷ್ಟೇ. ಒಂದು ಕಡೆ ಮೀನು ಬೇಯಿಸಬಾರದು, ಇನ್ನೊಂದು ಕಡೆ ಮೀನಿನ ವಾಸನೆಗೆ ಮೂಗು ಮುಚ್ಚಬಾರದು. ಎರಡೂ ಕಡೆ ಒಂದು ಮಾತಿಗೆ ಒಪ್ಪಂದವಿತ್ತು: ಒಂಟಿ ಗಂಡಸಿಗೆ ಕೊಡುವುದಿಲ್ಲ.

ಬಿಜೈಯಲ್ಲಿ ಕೊನೆಗೊಂದು ಫ್ಲ್ಯಾಟು ಸಿಕ್ಕಿತು. ಆರು ಮಹಡಿಯ ಕಟ್ಟಡದಲ್ಲಿ ಅರ್ಧಕ್ಕರ್ಧ ಬಾಗಿಲಿಗೆ ಬೀಗ. ಮಾಲೀಕರು ಎಲ್ಲಿ ಎಂದು ವಾಚ್‌ಮನ್‌ನನ್ನು ಕೇಳಿದೆ. ಬಾಗಿಲು ಬಾಗಿಲು ತೋರಿಸುತ್ತ ಹೇಳಿದ: ಮುಂಬೈ, ಕುವೈತ್, ಬೆಂಗಳೂರು, ದಮಾಮ್, ದುಬೈ. ನಮ್ಮದು ದುಬೈ. ವಿಡಿಯೊ ಕರೆಯಲ್ಲಿ ಸಂದರ್ಶನ. ಇಲ್ಲಿ ರಾತ್ರಿ ಹನ್ನೊಂದೂವರೆ, ಅಲ್ಲಿ ಹತ್ತು.

"ಫ್ಯಾಮಿಲಿಗೆ ಮಾತ್ರ ಕೊಡುವುದು ನಾವು" ಎಂದರು ಅವರು, ಪಿಸುದನಿಯಲ್ಲಿ.

"ಫ್ಯಾಮಿಲಿ ಮೈಸೂರಿನಲ್ಲಿದೆ ಸಾರ್. ನಾನೊಬ್ಬನೇ ಇರೋದು" ಎಂದೆ.

"ಅದು ಕಷ್ಟ. ಫ್ಯಾಮಿಲಿ ಬಿಟ್ಟು ಒಬ್ಬರೇ ಇರುವವರನ್ನು ನಂಬುವುದು ಹೇಗೆ ಮಾರಾಯ್ರೆ?"

ಅವರ ತಲೆಯ ಮೇಲೆ ಕಬ್ಬಿಣದ ಮಂಚದ ಎರಡನೇ ಅಂತಸ್ತು ಕಾಣುತ್ತಿತ್ತು. ಅಲ್ಲಿಂದ ಯಾರದೋ ಕಾಲು ಇಳಿಬಿದ್ದಿತ್ತು. "ನಿಮ್ಮ ಫ್ಯಾಮಿಲಿ ಅಲ್ಲೇನಾ ಸಾರ್?" ಎಂದು ಕೇಳಿದೆ.

"ಇಲ್ಲ, ಊರಲ್ಲಿ, ಮೂಡುಬಿದಿರೆಯಲ್ಲಿ. ಸ್ವಲ್ಪ ಮೆಲ್ಲ ಮಾತಾಡಿ, ಇಲ್ಲಿ ಆರು ಜನ ಮಲಗಿದ್ದಾರೆ." ಆಮೇಲೆ ಅವರಿಗೇ ಏನೋ ಹೊಳೆದಂತೆ ಸುಮ್ಮನಾದರು. ಬ್ಯಾಂಕಿನವರಲ್ವಾ, ಗೃಹಸಾಲದ ಬಡ್ಡಿ ಇಳಿಸಲಿಕ್ಕೆ ಬರ್ತದಾ ಎಂದು ಕೇಳಿದರು. ನೋಡೋಣ ಎಂದೆ. ಬೀಗದ ಕೈ ವಾಚ್‌ಮನ್ ಹತ್ತಿರ ಇಸ್ಕೊಳ್ಳಿ ಎಂದರು.

ದೊಡ್ಡಪ್ಪನ ನೆನಪಾಗಿ ಕೊನೆಯದಾಗಿ ಒಂದು ಕೇಳಿದೆ. "ಬಾಲ್ಕನಿಯಿಂದ ಸಮುದ್ರ ಕಾಣುತ್ತಾ ಸಾರ್?"

"ಮೊದಲು ಕಾಣ್ತಿತ್ತು. ಈಗ ಎದುರು ಇನ್ನೊಂದು ಕಟ್ಟಡ ಎದ್ದಿದೆ. ಅದರಲ್ಲಿ ಐದನೇ ಮಾಳಿಗೆ ನಮ್ಮ ಭಾವನದ್ದು, ಅವ ಮಸ್ಕತ್‌ನಲ್ಲಿ ಇರುವುದು. ಅದೂ ಖಾಲಿ ಉಂಟು. ನಿಮ್ಮ ಗುರ್ತದವರು ಯಾರಾದ್ರೂ ಇದ್ರೆ ಹೇಳಿ." ಒಂದು ಕ್ಷಣ ಬಿಟ್ಟು ಸೇರಿಸಿದರು, "ಫ್ಯಾಮಿಲಿ ಇದ್ದವರು."